ಕೆಂಪಾಜಮ್ಮ ಬಾಯಿ ಮುಚ್ಚಿಕೊಂಡ ಸೋಮವಾರ

ಬಂಡಳ್ಳಿಯ ಕೆಂಪಾಜಮ್ಮ ಒಂದು ಕಡೆ ಕೂತದ್ದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಇರಲಿಲ್ಲ. ಕಂಡಿದ್ದೇವೆ ಎಂದು ಹೇಳಿಕೊಳ್ಳುವವರು ಒಂದಿಬ್ಬರಿದ್ದರು. ಗದರಿಸಿ ಕೇಳಿದರೆ, ತಾವು ಕಂಡದ್ದು ಕೆಂಪಾಜಮ್ಮನನ್ನಲ್ಲ, ಅವಳು ಎದ್ದು ಹೋದ ಮೇಲೆ ಜಗಲಿಯಲ್ಲಿ ಆರದೆ ಉಳಿದಿದ್ದ ಬಿಸಿಯನ್ನು ಎಂದು ಒಪ್ಪಿಕೊಳ್ಳುತ್ತಿದ್ದರು.

ಅವಳದು ಹುಣಸೆಹಣ್ಣಿನ ವ್ಯಾಪಾರ. ಶಾಗ್ಯದ ಕಡೆಯ ಕಾಡಂಚಿನ ಮರಗಳನ್ನು ಹೂವಿದ್ದಾಗಲೇ ಗುತ್ತಿಗೆ ಹಿಡಿದು, ಹಣ್ಣು ಬಡಿಸಿ, ಸಿಪ್ಪೆ ಬಿಡಿಸಿ, ಬೀಜ ಕುಟ್ಟಿ ತೆಗೆದು, ಉಂಡೆ ಕಟ್ಟಿ, ಮಂಕರಿಯಲ್ಲಿ ಹೊತ್ತುಕೊಂಡು ಹನೂರಿನ ಸಂತೆಗೆ, ಕೊಳ್ಳೇಗಾಲದ ಅಂಗಡಿ ಬೀದಿಗೆ, ಅಲ್ಲಿಂದ ಮನಸ್ಸಾದರೆ ಯಳಂದೂರಿಗೆ ಹೋಗುತ್ತಿದ್ದಳು. ಮನಸ್ಸು ಯಾವಾಗಲೂ ಆಗುತ್ತಿತ್ತು. ಒಮ್ಮೆ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದವಳು ಅದರ ನಡಿಗೆಗೆ ಬೇಸತ್ತು ಕಾಮಗೆರೆಯಲ್ಲಿ ಇಳಿದು, ಮಂಕರಿಯನ್ನು ಬಸ್ಸಿನಲ್ಲೇ ಬಿಟ್ಟು ನಡೆದು, ಹನೂರಿನಲ್ಲಿ ಬಸ್ಸಿಗೆ ಕಾದು ನಿಂತು ಮಂಕರಿ ಇಳಿಸಿಕೊಂಡಳಂತೆ. ಆ ದಾರಿಯ ಡ್ರೈವರುಗಳ ಎದುರಿಗೆ ಈ ಮಾತು ಎತ್ತಬಾರದು.

ಐವತ್ತಾರರಲ್ಲಿ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು. ಸುದ್ದಿ ತಂದವರಿಗೆ ಅವಳು, ಅಷ್ಟು ದೊಡ್ಡ ತಾಲ್ಲೂಕಿಗೇ ಕೂತಲ್ಲಿ ಕೂರುವುದಕ್ಕಾಗಲಿಲ್ಲ, ಇನ್ನು ನನಗ್ಯಾಕೆ ಬುದ್ಧಿ ಹೇಳುತ್ತೀರಿ ಎಂದು ಕೇಳಿ, ಅವರು ಉತ್ತರ ಹುಡುಕುವಷ್ಟರಲ್ಲಿ ಹುಣಸೆ ಮರದ ಕೆಳಗಿದ್ದಳು.

ಕಾಲಿಗಿಂತ ಬಾಯಿ ಇನ್ನೂ ಜೋರು. ಎದುರಿಗಿದ್ದವನು ಒಂದು ಮಾತಿಗೆ ಬಾಯಿ ತೆರೆದರೆ ಉಳಿದದ್ದನ್ನು ಅವಳೇ ಆಡಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಆ ಉತ್ತರ ಸರಿಯಿಲ್ಲವೆಂದು ಅವನನ್ನೇ ಬೈದು ಮುಂದಕ್ಕೆ ಹೋಗಿರುತ್ತಿದ್ದಳು. ಸೀನು ಬಂದವನ ಸೀನನ್ನೂ ಅವಳೇ ಮುಗಿಸಿಕೊಡುತ್ತಾಳೆ ಎಂಬ ಪ್ರತೀತಿ ಇತ್ತು. ಕೊಳ್ಳೇಗಾಲದ ಸಾಹುಕಾರರ ಹತ್ತಿರ ತಮಿಳಿನಲ್ಲಿ ಜಗಳ ತೆಗೆದು ಕನ್ನಡದಲ್ಲಿ ರಾಜಿ ಮಾಡಿಕೊಳ್ಳುತ್ತಿದ್ದಳು. ಎರಡು ಕಡೆಯ ಮಾತೂ ಅವಳದೇ.

ಇಂಥವಳ ಮನೆಯಲ್ಲಿ ಚೆಲುವಿ ಇದ್ದಳು, ಮಗ ಮಾದಣ್ಣನ ಮಗಳು. ನಾಲ್ಕು ವರ್ಷದ ಕೂಸಾಗಿದ್ದಾಗ ಅದಕ್ಕೆ ಮಿದುಳುಜ್ವರ ಬಂದು, ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿಬಿಟ್ಟಿತು. ಡಾಕ್ಟರು ಕೈಲಾದದ್ದನ್ನು ಮಾಡಿದ್ದೇವೆ ಎಂದರು. ಕೆಂಪಾಜಮ್ಮ ಆಸ್ಪತ್ರೆಯ ಅಂಗಳವನ್ನು ಸುತ್ತಿದ ಸುತ್ತಿಗೆ ಅಲ್ಲಿ ಒಂದು ಬಾವಿಯೇ ತೋಡಿಕೊಳ್ಳಬೇಕಿತ್ತು. ಸುತ್ತುತ್ತಲೇ ಮಲೆಯ ಮಾದಪ್ಪನಿಗೆ ಹರಕೆ ಹೊತ್ತಳು. ಮಗು ಉಳಿದರೆ ಅದರ ಬಾಯಿಂದಲೇ ಕೋರಣ್ಯ ಬೇಡಿಸುತ್ತೇನೆ, ಬಂದ ಅಕ್ಕಿಯನ್ನು ನಿನ್ನ ಬೆಟ್ಟದಲ್ಲಿ ಬೇಯಿಸಿ ಎಡೆ ಇಡುತ್ತೇನೆ, ಅಲ್ಲಿಯವರೆಗೆ ನಮ್ಮ ಮನೆಯವರು ಯಾರೂ ಬೆಟ್ಟ ಹತ್ತುವುದಿಲ್ಲ.

ಕೋರಣ್ಯವೆಂದರೆ ಭಿಕ್ಷೆಯೇ, ಆದರೆ ಹೊಟ್ಟೆಯದಲ್ಲ, ದೇವರದು. ಉಳ್ಳವರೂ ಬೇಡಬೇಕು. ಒಂದೇ ಸೋಮವಾರ ಐದು ಮನೆಯ ಬಾಗಿಲಲ್ಲಿ ನಿಂತು ಕೇಳಬೇಕು. ಯಾರ ಹೆಸರಿನ ಹರಕೆಯೋ ಅವರ ಬಾಯಿಂದಲೇ ಮಾತು ಹೊರಡಬೇಕು. ಒಂದು ಮನೆ ಕೆಟ್ಟರೆ ಐದೂ ಕೆಟ್ಟಂತೆ.

ಮಗು ಉಳಿಯಿತು. ಬಲಗಾಲು ಎಳೆಯುತ್ತಿತ್ತು, ಬಲಗೈ ನಡುಗುತ್ತಿತ್ತು, ನಾಲಗೆ ನಿಧಾನವಾಗಿತ್ತು. ಮಾತು ಇರಲಿಲ್ಲವೆಂದಲ್ಲ. ಒಂದೊಂದು ಪದವೂ ಕಲ್ಲು ಹೇರಿದ ಗಾಡಿಯ ಹಾಗೆ ಏರು ಹತ್ತಿ, ನಡುವೆ ನಿಂತು, ಎತ್ತಿಗೆ ಉಸಿರು ಬಿಟ್ಟು ಬರಬೇಕಿತ್ತು. ಅಷ್ಟು ಹೊತ್ತು ಕಾಯುವ ಅಜ್ಜಿಯೇ ಇವಳು? ಚೆಲುವಿ ಬಾಯಿ ತೆರೆದರೆ ನೀರು ಬಂತು, ಮತ್ತೆ ತೆರೆದರೆ ರೊಟ್ಟಿ, ಇನ್ನೂ ತೆರೆದರೆ ಕಂಬಳಿ. ಮೂರೂ ಬೇಡವೆಂದು ತಲೆಯಾಡಿಸಿದರೆ ಹೊಟ್ಟೆನೋವೆಂದು ಕಷಾಯ. ಆ ಮಗು ಕುಡಿದ ಕಷಾಯಕ್ಕೆ ಬಂಡಳ್ಳಿ ಸುತ್ತಿನ ಬೇಲಿಯಲ್ಲಿ ಒಂದು ಸೊಪ್ಪೂ ಉಳಿಯಲಿಲ್ಲ. ಊರವರೂ ಅಷ್ಟೆ. ಪಾಪದ ಕೂಸು ಎಂದು ಅದರ ಅರ್ಧ ಮಾತು ಕಿತ್ತುಕೊಂಡು ತಾವೇ ಮುಗಿಸಿ, ಕೈಗೊಂದು ಬೆಲ್ಲದ ಚೂರು ಕೊಟ್ಟು ಕಳಿಸುತ್ತಿದ್ದರು.

ಕೊನೆಗೆ ಚೆಲುವಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಒಂಬತ್ತು ವರ್ಷ ತುಂಬುವ ಹೊತ್ತಿಗೆ ನೀರುದಾರಿಯಲ್ಲಿ ಯಾರೋ ಅವಳನ್ನು ಮೂಗಿ ಎಂದದ್ದು ಕೆಂಪಾಜಮ್ಮನ ಕಿವಿಗೆ ಬಿತ್ತು. ಊರು ಒಂದು ಹೆಸರು ಇಟ್ಟರೆ ಮುಗಿಯಿತು, ಮೈಮೇಲಿನ ಹಚ್ಚೆಯನ್ನಾದರೂ ಕೆರೆದು ತೆಗೆಯಬಹುದು. ಇವತ್ತು ಬಾಯಿಗೆ ಬಂದದ್ದು ನಾಳೆ ಮದುವೆಗೆ, ನಾಡಿದ್ದು ಹೊಲದ ಪಾಲಿಗೆ, ಆಮೇಲೆ ಸಾವಿಗೂ ಜೊತೆ ಹೋಗುತ್ತದೆ. ಮೂಗಿಯ ಬಾಯಿಂದ ಕೋರಣ್ಯವನ್ನಂತೂ ಮಾದಪ್ಪನೂ ಬೇಡಿಸಲಾರ.

ಆ ಕ್ಷಣವೇ ಹೊರಟು ಊರಿನ ದೇವರಗುಡ್ಡ ಪುಟ್ಟಸಿದ್ದಯ್ಯನ ಮನೆ ಸೇರಿದಳು. ಹರಕೆ ಹೊತ್ತವರ ಜೊತೆಗೆ ಬೆತ್ತ ಹಿಡಿದು ನಡೆದು, ಕೋರಣ್ಯ ಸರಿಯೋ ತಪ್ಪೋ ಹೇಳುವವನು ಅವನು. ಬರುವ ಸೋಮವಾರವೇ ಆಗಲಿ ಎಂದು ಅವನು ಹೇಳಬೇಕೆಂದಿದ್ದನ್ನು ಅವಳೇ ಹೇಳಿ ಬಂದಳು.

ಆ ಸೋಮವಾರ ಚೆಲುವಿಗೆ ತಲೆಗೆ ನೀರು ಹಾಕಿ, ವಿಭೂತಿ ಹಚ್ಚಿ, ಕೈಗೆ ಹಿತ್ತಾಳೆ ಬಟ್ಟಲು ಕೊಟ್ಟರು. ಸುದ್ದಿ ಮೊದಲೇ ಊರು ತುಂಬಿತ್ತು. ಮಗು ಬೀದಿಯ ತಿರುವಿನಲ್ಲಿ ಕಾಲೆಳೆಯುತ್ತ ಕಾಣಿಸಿದ್ದೇ ತಡ, ಹೆಂಗಸರು ಮೊರ ಹಿಡಿದು ಎದುರಿಗೇ ಓಡಿ ಬಂದರು. ಪಾಪ, ಮೊಗ ಯಾಕೆ ನಡೀಬೇಕು, ಯಾಕೆ ಕೇಳಬೇಕು! ಚೆಲುವಿ ಬಾಯಿ ತೆರೆಯುವ ಮೊದಲೇ ಬಟ್ಟಲು ತುಂಬಿ, ಲಂಗದ ಮಡಿಲು ತುಂಬಿ, ಪುಟ್ಟಸಿದ್ದಯ್ಯನ ಜೋಳಿಗೆಯೂ ತುಂಬಿತು. ಅಂದು ಚೆಲ್ಲಿದ ಅಕ್ಕಿಯಲ್ಲಿ ಹನೂರಿನಿಂದ ಶಾಗ್ಯದವರೆಗಿನ ಗುಬ್ಬಚ್ಚಿಗಳು ದಪ್ಪಗಾಗಿ ಆರು ತಿಂಗಳು ಹಾರಲಿಲ್ಲ.

ಪುಟ್ಟಸಿದ್ದಯ್ಯ ಅಷ್ಟನ್ನೂ ಅವರವರ ಮೊರಕ್ಕೆ ವಾಪಸು ಸುರಿದ. “ಕೇಳ್ದೆ ಬಂದದ್ದು ಕೋರಣ್ಯ ಅಲ್ಲ ಕಣ್ರವ್ವ. ಅದು ದಾನ. ಮಾದಪ್ಪ ನಿಮ್ ದಾನ ಕೇಳ್ನಿಲ್ಲ, ಮೊಗೀನ ಬಾಯಿ ಕೇಳವ್ನೆ” ಎಂದ.

ಮರುವಾರ ಕೆಂಪಾಜಮ್ಮ ಬೀದಿಯ ಹೆಂಗಸರನ್ನೆಲ್ಲ ಒಳಗೆ ಅಟ್ಟಿ ಬಾಗಿಲು ಹಾಕಿಸಿ, ತಾನೇ ಮಗುವಿನ ಬೆನ್ನಿಗೆ ನಿಂತಳು. ಕೇಳಬೇಕಾದದ್ದು ಒಂದೇ ಮಾತು. ಚೆಲುವಿ ಉಸಿರೆಳೆದಳು. “ಮಾ... ಮಾದ...” ಎಂದಳು. ಅಲ್ಲಿ ಗಾಡಿ ನಿಂತಿತು. ಕೆಂಪಾಜಮ್ಮನ ಹೆಬ್ಬೆರಳು ನೆಲ ಕೆರೆಯಿತು. ಕೈ ಸೆರಗನ್ನು ಹಿಂಡಿತು. ಕುತ್ತಿಗೆಯ ನರ ಹಗ್ಗದಂತೆ ಎದ್ದಿತು. ಕೊನೆಗೆ ಅವಳಿಗೇ ತಿಳಿಯದ ಹಾಗೆ, ಮಾದಪ್ಪನ ಕೋರಣ್ಯ ನೀಡ್ರವ್ವೋ ಎಂಬ ಕೂಗು ಅವಳ ಬಾಯಿಂದಲೇ ಹೊರಟು, ಕೊಳ್ಳೇಗಾಲದಲ್ಲಿ ಯಾರೋ ಅಕ್ಕಿ ಹಿಡಿದು ಹೊರಗೆ ಬಂದರಂತೆ.

ಪುಟ್ಟಸಿದ್ದಯ್ಯ ಬೆತ್ತ ನೆಲಕ್ಕೆ ಊರಿದ. ಇವತ್ತೂ ಕೆಟ್ಟಿತು ಎಂದಷ್ಟೇ ಹೇಳಿದ. ಚೆಲುವಿ ಬಟ್ಟಲನ್ನು ಅಜ್ಜಿಯ ಕೈಗೆ ಕೊಟ್ಟು, ಕಾಲೆಳೆದುಕೊಂಡು ಮನೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಳು. ಅಂದು ಕರೆದರೂ ತಿರುಗಲಿಲ್ಲ.

ಕೆಂಪಾಜಮ್ಮನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಹನೂರಿಗೆ ಹೋದಳು, ಹೋದ ಕೆಲಸ ಮರೆತು ಹಿಂದಕ್ಕೆ ಬಂದಳು. ಮತ್ತೆ ಕೊಳ್ಳೇಗಾಲಕ್ಕೆ, ಅಲ್ಲಿಂದ ಯಳಂದೂರಿಗೆ. ಹಣ್ಣನ್ನು ಕೇಳಿದವರಿಗೆ ಕೇಳಿದ ಹಾಗೆ ಹಾಕಿದಳು, ಜಗಳವನ್ನೇ ಮಾಡಲಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಸಾಹುಕಾರರು ಮಾತಾಡಿಕೊಂಡರು. ಎಲ್ಲಿ ಹೋದರೂ ಆ ಗೋಡೆಗೆ ತಿರುಗಿದ ಪುಟ್ಟ ಬೆನ್ನು ಅವಳ ಮುಂದೆ ಮುಂದೆಯೇ ನಡೆಯುತ್ತಿತ್ತು.

ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಊರಿಗೆ ಬಂದಾಗ ಹಿತ್ತಲಲ್ಲಿ ಮಾತು ಕೇಳಿಸಿತು. ಹುಣಸೆ ರಾಶಿಯ ಹತ್ತಿರ ಕೂಲಿಗೆ ಬರುವ ಹನುಮಯ್ಯ ಸಿಪ್ಪೆ ಬಿಡಿಸುತ್ತ ಕೂತಿದ್ದ. ಮುದುಕ, ಕಿವಿ ಕೇಳದು. ಸಿಡಿಲು ಬಡಿದು ಹೋಯಿತೆಂದು ಅವನು ಹೇಳುತ್ತಿದ್ದ. ಹೆಂಡತಿ ಸತ್ತ ಮೇಲೆ ಕೆಲಸವಿಲ್ಲದೆ ಕಿವಿ ತುಕ್ಕು ಹಿಡಿಯಿತೆಂದು ಊರವರು ಹೇಳುತ್ತಿದ್ದರು. ಅವನ ಎದುರಿಗೆ ಚೆಲುವಿ ಕೂತು ಮಾತಾಡುತ್ತಿದ್ದಳು. ಮೂಗಿ ಎನಿಸಿಕೊಂಡ ಚೆಲುವಿ! ಕೆಂಪಾಜಮ್ಮ ಬೇಲಿಯ ಹಿಂದೆ ನಿಂತುಬಿಟ್ಟಳು.

ಮಗು ಯಾವುದೋ ಅಳಿಲಿನ ಕಥೆ ಹೇಳುತ್ತಿತ್ತು. ಅಳಿಲು ಮರ ಹತ್ತಿ ಇಳಿದು ಮುದಿಯಾಗುವಷ್ಟು ಹೊತ್ತು ಆ ಕಥೆಗೆ ಹಿಡಿಯಿತು. ಹನುಮಯ್ಯ ಅವಳ ಬಾಯನ್ನೇ ನೋಡುತ್ತ ಕೂತಿದ್ದ. ಮಾತು ನಿಂತಾಗ ಅವನ ಕೈಯೂ ನಿಂತಿತು. ಮುಗಿಸಿಕೊಡಲು ಅವನಿಗೆ ಏನೂ ಕೇಳಿಸಿರಲಿಲ್ಲ. ಬಾಯಿ ಪೂರ್ತಿ ಮುಚ್ಚಿದ ಮೇಲೆ ತಿಳಿಯಲಿಲ್ಲ ಎಂದು ತಲೆಯಾಡಿಸಿದ. ಚೆಲುವಿ ಸಿಟ್ಟಾಗಿ, ಇನ್ನೂ ಜೋರಾಗಿ, ಮೊದಲಿಂದ ಶುರು ಮಾಡಿದಳು.

ಬೇಲಿಯ ಹಿಂದೆ ಕೆಂಪಾಜಮ್ಮನಿಗೆ ಹೊಟ್ಟೆಕಿಚ್ಚು ಎದ್ದಿತು. ತನ್ನ ರಕ್ತದ ಕೂಸು ತನ್ನ ಹತ್ತಿರ ಆಡದ ಮಾತನ್ನು ಒಬ್ಬ ಕಿವುಡನ ಹತ್ತಿರ ಆಡುತ್ತಿದೆ. ಅವನು ಮಾಡುತ್ತಿರುವುದಾದರೂ ಏನು? ಏನೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಏನಾದರೊಂದು ಮಾಡುತ್ತಲೇ ಬಂದ ಕೆಂಪಾಜಮ್ಮನಿಗೆ, ಆ ಏನೂ ಮಾಡದೆ ಇರುವುದೇ ಕೆಲಸವಾದೀತು ಎಂದು ಆ ತನಕ ಹೊಳೆದಿರಲಿಲ್ಲ. ಹೊಳೆದ ಮೇಲೂ ಅದು ತನ್ನ ಕೈಯಲ್ಲಿ ಆಗದ ಕೆಲಸವೆಂದು ತಿಳಿದೇ ಇತ್ತು.

ಆದರೂ ಮಾರನೆಯ ದಿನ ಹುಣಸೆಹಣ್ಣಿನ ಒಂದು ದೊಡ್ಡ ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಚೆಲುವಿಯ ಎದುರಿಗೆ ಹಣ್ಣು ಬಿಡಿಸುತ್ತ ಕೂತಳು. ಬಾಯಿ ತುಂಬ ಹುಳಿ ಇದ್ದರೆ ಮಾತು ಎಲ್ಲಿಂದ ಹೊರಟೀತು? ಕಣ್ಣಲ್ಲಿ ನೀರು ಸುರಿಯಿತು. ಹಲ್ಲು ಜುಮ್ಮೆಂದು ಅನ್ನವನ್ನೂ ಅಗಿಯಲಾಗದಂತಾಯಿತು. ಕೆಂಪಾಜಮ್ಮ ಸುಮ್ಮನೆ ಕೂತಿದ್ದಾಳೆಂಬ ಸುದ್ದಿ ಹಬ್ಬಿ, ಕಾಯಿಲೆಯೆಂದು ನೋಡಲು ಪಕ್ಕದೂರಿನಿಂದ ನೆಂಟರೂ ಬಂದರು.

ಚೆಲುವಿ ಕೆಲವು ದಿನ ಅಜ್ಜಿಯನ್ನು ಓರೆಗಣ್ಣಿನಿಂದ ನೋಡಿದಳು, ಅಷ್ಟೆ. ನಂಬಲಿಲ್ಲ. ಆಮೇಲೆ ಒಂದು ದಿನ ರಾಶಿಯ ಪಕ್ಕದಲ್ಲಿ ಇಬ್ಬರೂ ಕೂತಿದ್ದಾಗ ಅವಳ ಕಣ್ಣು ಅರಳಿತು, ಬಾಯಿ ತೆರೆಯಿತು. “ಅಜ್ಜೀ... ನಿನ್ನ... ನಿನ್ನ ಸೆರ...”

ಕೆಂಪಾಜಮ್ಮ ಉಂಡೆಯನ್ನು ಹಲ್ಲಿನಲ್ಲಿ ಕಚ್ಚಿದಳು. ಸೆರಗಿಗೆ ಏನು? ಹರಿಯಿತೋ, ಕೊಳೆಯಾಯಿತೋ? ನೂರು ಮಾತು ಗಂಟಲಿಗೆ ನುಗ್ಗಿ ಬಂದವು. ನುಂಗಿದಳು. ಮಗು ಮುಷ್ಟಿ ಬಿಗಿದು ಏರು ಹತ್ತುತ್ತಿತ್ತು. “ಸೆರ... ಸೆರಗಿನ... ಮ್ಯಾಲೆ...” ಕೆಂಪಾಜಮ್ಮ ಕಣ್ಣನ್ನೂ ಮುಚ್ಚಿದಳು. ನೋಡಿದರೆ ಎಲ್ಲಿ ತನಗೆ ಮೊದಲೇ ತಿಳಿದುಬಿಡುತ್ತದೋ ಎಂದು. “...ಚೇಳು... ಅದೆ” ಎಂದು ಚೆಲುವಿ ಮುಗಿಸಿದಳು.

ಕಣ್ಣು ತೆರೆದರೆ ಹೌದು, ಅಂಗೈಯುದ್ದದ ಕರಿಚೇಳು ಹೆಗಲವರೆಗೆ ಬಂದಿತ್ತು. ಅದು ಕೂಡ ಮಾತು ಮುಗಿಯಲೆಂದು ಕೊಂಡಿ ಎತ್ತಿಕೊಂಡು ಕಾದು ನಿಂತಿತ್ತು ಎಂದು ಬಂಡಳ್ಳಿಯವರು ಪ್ರಮಾಣ ಮಾಡುತ್ತಾರೆ. ಕೆಂಪಾಜಮ್ಮ ಸೆರಗು ಕೊಡವಿ ಹಾರಿದ ರಭಸಕ್ಕೆ ಬಾಯಲ್ಲಿದ್ದ ಉಂಡೆ ಹೋಗಿ ಹನುಮಯ್ಯನ ಬುರುಡೆಗೆ ಬಡಿಯಿತು. ಚೆಲುವಿ ನಕ್ಕಳು. ಬಿದ್ದು ಬಿದ್ದು ನಕ್ಕಳು. ಆಮೇಲೆ ಅಪ್ಪನನ್ನು ಕರೆದು, ಅವ್ವನನ್ನು ಕರೆದು, ಚೇಳಿನ ಸುದ್ದಿಯನ್ನು ತಾನೇ ಹೇಳಿದಳು. ಅಜ್ಜಿ ಇನ್ನೊಂದು ಉಂಡೆ ಬಾಯಿಗಿಟ್ಟುಕೊಂಡು, ಮಗ ಸೊಸೆ ಇಬ್ಬರನ್ನೂ ತುಟಿ ಬಿಚ್ಚದಂತೆ ಕಣ್ಣಿನಲ್ಲೇ ಹೆದರಿಸುತ್ತ ನಿಂತಿದ್ದಳು.

ಆಮೇಲೆ ಉಪ್ಪು ತರಲು ಚೆಲುವಿ ಒಬ್ಬಳೇ ಅಂಗಡಿಗೆ ಹೋಗತೊಡಗಿದಳು. ಹೋದವಳು ಬರುವವರೆಗೆ ಕೆಂಪಾಜಮ್ಮ ಅಂಗಳದಲ್ಲಿ ಸುತ್ತುತ್ತಿದ್ದಳು. ಒಮ್ಮೆ ಚೆಲುವಿ ಉಪ್ಪಿನ ಬದಲು ಕಣ್ಣೀರು ತಂದಳು, ಅಂಗಡಿಯವನು ಮಾತು ಮುಗಿಯುವ ಮೊದಲೇ ಬೆಲ್ಲ ಕಟ್ಟಿಕೊಟ್ಟಿದ್ದ. ಕೆಂಪಾಜಮ್ಮನ ಕಾಲು ಅಂಗಡಿಯ ಕಡೆ ಹೊರಟೇಬಿಟ್ಟಿತ್ತು. ಹಿಂದಕ್ಕೆ ಎಳೆದುಕೊಂಡಳು. ಬೆಲ್ಲವನ್ನು ಚೆಲುವಿಯ ಕೈಗೇ ಕೊಟ್ಟು, ಹೋಗಿ ಬದಲಾಯಿಸಿಕೊಂಡು ಬಾ ಎಂದಳು. ಚೆಲುವಿ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಮನೆಯವರು ಉಪ್ಪಿಲ್ಲದ ಸಾರು ಉಂಡರು. ಮೂರನೆಯ ದಿನ ಸಾರಿಗೆ ಹೆದರಿಯೋ ಏನೋ, ಹೋಗಿ ಉಪ್ಪು ತಂದಳು.

ಕಾರ್ತೀಕ ಬಂತು. ಕೆಂಪಾಜಮ್ಮ ಐದು ಮನೆ ಗೊತ್ತು ಮಾಡಿಕೊಂಡು ಒಂದೊಂದು ಮನೆಗೂ ಹೋಗಿ ಬಂದಳು. ಮೊಗ ಬಾಯಿ ಮುಚ್ಚುವವರೆಗೆ ಮೊರ ಎತ್ತಿದವರ ಮನೆಗೆ ಹುಣಸೆಹಣ್ಣು ಕೊಡುವುದಿಲ್ಲ, ಕೊಳ್ಳೇಗಾಲದವರೆಗೆ ಯಾರೂ ಕೊಡದ ಹಾಗೆ ಮಾಡುತ್ತೇನೆ ಎಂದು ಹೇಳಿದಳು. ಹುಳಿಯಿಲ್ಲದ ಸಾರನ್ನು ನೆನೆದು ಎಲ್ಲರೂ ಒಪ್ಪಿದರು.

ಸೋಮವಾರ. ಹರಕೆಯವರ ಜೊತೆ ಮನೆಯವರು ಬಾಗಿಲವರೆಗೆ ಹೋಗಕೂಡದು ಎಂದು ಪುಟ್ಟಸಿದ್ದಯ್ಯ ಈ ಸಲ ಹೊಸ ಕಟ್ಟು ಹಾಕಿದ್ದ. ಕೆಂಪಾಜಮ್ಮ ಬೀದಿಯ ಆಚೆ ಬದಿಯಲ್ಲಿ, ಬಾಯಲ್ಲಿ ಉಂಡೆ, ಜೊತೆಜೊತೆಗೆ ಸರಿಯುತ್ತಿದ್ದಳು. ಮೊದಲನೆಯ ಮನೆಯಲ್ಲಿ ಚೆಲುವಿ ಕೇಳಿ ಮುಗಿಸುವಾಗ ಬಿಸಿಲು ಹೊಸ್ತಿಲಿನಿಂದ ಅಂಗಳಕ್ಕೆ ಇಳಿದಿತ್ತು. ಎರಡನೆಯ ಮನೆಯಾಕೆ ಮೊರವನ್ನು ಸೊಂಟಕ್ಕೆ ಒರಗಿಸಿಕೊಂಡು ಕಾದಳು. ಮೂರಾಯಿತು. ನಾಲ್ಕನೆಯದರಲ್ಲಿ ಚೆಲುವಿ ನಡುವೆ ಕೆಮ್ಮಿ, ಮೊದಲಿಂದ ಕೇಳಿದಳು. ಕೆಂಪಾಜಮ್ಮ ಅಷ್ಟರಲ್ಲಿ ಮೂರು ಉಂಡೆ ನುಂಗಿದ್ದಳು.

ಐದನೆಯದು ಕೆಂಪನಂಜಪ್ಪನ ಮನೆ. ಹತ್ತಿರ ಹೋದರೆ ಅಲ್ಲಿ ಸೊಸೆಗೆ ಆಗತಾನೇ ಹೆರಿಗೆಯಾಗಿ ಸೂತಕ. ಸೂತಕದ ಮನೆಯ ಅಕ್ಕಿ ದೇವರಿಗೆ ಆಗದು. ಹೆರುವುದಕ್ಕೂ ಹೊತ್ತು ಬೇಡವೇ ಎಂದು ಕೆಂಪಾಜಮ್ಮ ಒಳಗೊಳಗೇ ಆ ಸೊಸೆಯ ಏಳು ತಲೆಮಾರು ಜಾಲಾಡಿದಳು. ಪುಟ್ಟಸಿದ್ದಯ್ಯ ಪಕ್ಕದ ಮನೆಯ ಕಡೆ ಬೆತ್ತ ತೋರಿಸಿದ. ಅದು ಸಾಹುಕಾರ ವೃಷಭೇಂದ್ರಪ್ಪನವರ ದೊಡ್ಡ ಮನೆ.

ಕೆಂಪಾಜಮ್ಮ ಇನ್ನೊಂದು ಉಂಡೆ ಬಾಯಿಗೆ ಹಾಕಿಕೊಂಡಳು. ಆ ಮನೆಯ ಯಜಮಾನಿ ಶಿವರತ್ನಮ್ಮ ಯಳಂದೂರಿನ ತೌರಿನಲ್ಲಿ ತಿಂಗಳಿದ್ದು ಆಗಷ್ಟೇ ಗಾಡಿಯಿಂದ ಇಳಿದಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹುಣಸೆಹಣ್ಣಿಗೆ ಹೆದರುವ ಮನೆಯೂ ಅದಲ್ಲ. ಜೊತೆಗೆ ಶಿವರತ್ನಮ್ಮನ ಕರುಳೆಂದರೆ ಬೆಣ್ಣೆ. ಕುಂಟು ನಾಯಿಯನ್ನು ಕಂಡರೆ ಆ ದಿನ ಉಪವಾಸ ಮಾಡುವವಳು, ಅವಳ ಕಣ್ಣೀರಿಗೇ ಆ ಬೀದಿಯ ತೆಂಗಿನಮರಗಳು ಕಾಯಿ ಬಿಡುತ್ತಿದ್ದವು.

ಆದದ್ದೂ ಹಾಗೆಯೇ. ಚೆಲುವಿ ಕಾಲೆಳೆಯುತ್ತ ಮೆಟ್ಟಿಲು ಹತ್ತುವುದನ್ನು ಕಂಡಿದ್ದೇ ಶಿವರತ್ನಮ್ಮ ಅಯ್ಯೋ ಕಂದಾ ಎಂದು ಕೂಗಿ, ಒಳಗೆ ಓಡಿ, ಮೊರದ ತುಂಬ ಅಕ್ಕಿ ಹೊತ್ತು ಹೊರಗೆ ಬಂದಳು. ಕಣ್ಣಲ್ಲಿ ಆಗಲೇ ನೀರು. ಮೊರ ಬಟ್ಟಲಿನ ಮೇಲೆ ಬಾಗಿತು. ಬೀದಿಯ ಆಚೆ ಕೆಂಪಾಜಮ್ಮ ಉಂಡೆಯನ್ನು ಅಂಗೈಗೆ ಉಗುಳಿದಳು. ಒಂದು ಕೂಗು ಹಾಕಿದರೆ ಮೊರ ನಿಲ್ಲುತ್ತದೆ. ಕೂಗಿದರೆ ಕೋರಣ್ಯ ಕೆಡುತ್ತದೆ. ಕೂಗದಿದ್ದರೂ ಕೆಡುತ್ತದೆ. ಕಾಲು ನಿಂತಲ್ಲಿ ನಿಲ್ಲದೆ ಕುಣಿಯುತ್ತಿತ್ತು, ಬಾಯಿ ತೆರೆದೇ ಇತ್ತು.

ಅಷ್ಟರಲ್ಲಿ ಚೆಲುವಿ ತನ್ನ ನಡುಗುವ ಬಲಗೈಯನ್ನು ಎತ್ತಿ ಬಟ್ಟಲಿನ ಬಾಯಿಗೆ ಮುಚ್ಚಿದಳು.

ನಾಲ್ಕು ಕಾಳು ಅವಳ ಬೆರಳ ಮೇಲೆ ಬಿದ್ದು ನೆಲಕ್ಕೆ ಉರುಳಿದವು. ಶಿವರತ್ನಮ್ಮ ಗಲಿಬಿಲಿಯಾಗಿ, ಕೈ ತೆಗಿಯವ್ವ, ತಕ್ಕೊ ಎಂದಳು. ಚೆಲುವಿ ತೆಗೆಯಲಿಲ್ಲ. ಮುಖ ಕೆಂಪಾಗಿತ್ತು.

“ನಾನು... ಇನ್ನೂವ... ಕೇಳ್ನಿಲ್ಲ... ಕಣ್ರವ್ವ.”

ಶಿವರತ್ನಮ್ಮ ಮೊರ ಹಿಡಿದುಕೊಂಡೇ ನಿಂತಳು. ಮೊರದ ಭಾರಕ್ಕೆ ಅವಳ ಬಳೆಗಳು ಗಿಲಗಿಲ ಅನ್ನುತ್ತಿದ್ದವು. ಚೆಲುವಿ ಬಟ್ಟಲನ್ನು ಎದೆಗೆ ಒತ್ತಿಕೊಂಡು, ಉಸಿರೆಳೆದು, ಕೇಳಿದಳು. ಮಾದಪ್ಪನ ಹೆಸರಿಗೆ ಒಂದು ಸಲ ನಿಂತಳು, ಕೋರಣ್ಯಕ್ಕೆ ಎರಡು ಸಲ. ನೀಡ್ರವ್ವ ಎಂಬುದು ಮಾತ್ರ ಒಂದೇ ಉಸಿರಿಗೆ ಬಂತು. ಬಾಯಿ ಮುಚ್ಚಿ, ಆಮೇಲೆ ಬಟ್ಟಲನ್ನು ಮುಂದಕ್ಕೆ ಹಿಡಿದಳು. ಅಕ್ಕಿ ಬಿತ್ತು. ಪುಟ್ಟಸಿದ್ದಯ್ಯ ಬೆತ್ತ ಎತ್ತಿ ಉಘೇ ಎಂದ.

ಅಲ್ಲಿಗೆ ಕೆಲಸ ಮುಗಿದಿತ್ತು, ಇಳಿದು ಬರಬೇಕಿತ್ತು. ಚೆಲುವಿ ಇಳಿಯಲಿಲ್ಲ. ಶಿವರತ್ನಮ್ಮನ ಮುಖ ನೋಡುತ್ತ ಮತ್ತೆ ಬಾಯಿ ತೆರೆದಳು. ಯಳಂದೂರಿನಿಂದ ಬರುವಾಗ ಗಾಡಿಗೆ ಯಾವ ಎತ್ತು ಕಟ್ಟಿದ್ದಿರಿ, ಅದರ ಕೊಂಬು ಯಾಕೆ ಹಾಗಿದೆ ಎಂದು ಕೇಳಲು ತೊಡಗಿದಳು. ಹರಕೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಶಿವರತ್ನಮ್ಮ ಮೊರ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತು, ಅವಳ ಬಾಯನ್ನೇ ನೋಡತೊಡಗಿದಳು.

ಬಿಸಿಲು ಬೀದಿ ದಾಟಿತು. ಎತ್ತಿನ ಕೊಂಬು ಮುಗಿದು ಗಾಡಿಯ ಗಾಲಿಗೆ ಮಾತು ಬಂದಿತ್ತು. ಪುಟ್ಟಸಿದ್ದಯ್ಯ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ, ಬೀದಿಯ ಈಚೆಗೆ ಬಂದು, “ಒತ್ತಾಯ್ತದೆ ಕಣಮ್ಮೋ, ಮೊಗೀನ ಕರಿ. ಓಗವ” ಎಂದ.

“ಸುಮ್ಕಿರಯ್ಯ” ಎಂದಳು ಕೆಂಪಾಜಮ್ಮ. “ಅದು ಮಾತಾಡ್ತಾ ಅದೆ.”